ಮಾಯಬಾರದ ಗಾಯ

ನಮ್ಮತ್ತೆಯ ಮೈಮೇಲೆ ಗಾಯ ನಿಲ್ಲುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಕತ್ತರಿಯ ತುದಿ ತಗಲಿ ಹೆಬ್ಬೆರಳು ಸೀಳಿದರೆ ನಾನು ಬಟ್ಟೆಚೂರು ಹುಡುಕುತ್ತ ಮನೆಯೆಲ್ಲ ಓಡಾಡುವಷ್ಟರಲ್ಲಿ ಅವರು ಬೆರಳನ್ನೊಮ್ಮೆ ಬಾಯಲ್ಲಿಟ್ಟು ಚೀಪಿ ಮತ್ತೆ ಸೂಜಿ ಹಿಡಿದು ಕೂತಿರುತ್ತಿದ್ದರು. ಒಂದೆರಡು ದಿನ ಕಳೆದರೆ ಯಾವ ಬೆರಳಿಗೆ ಗಾಯವಾಗಿತ್ತು ಎಂದು ಅವರನ್ನೇ ಕೇಳಬೇಕು. ನನ್ನ ಮೈ ಹಾಗಲ್ಲ. ಸೊಳ್ಳೆ ಕಚ್ಚಿದ್ದೂ ಹುಣ್ಣಾಗಿ ತಿಂಗಳುಗಟ್ಟಲೆ ಕೂರುತ್ತದೆ. "ನಿನ್ನ ತವರಿನ ರಕ್ತಾನೇ ನೀರು ಕಣೇ" ಎಂದು ಅತ್ತೆ ಛೇಡಿಸುತ್ತಿದ್ದರು. ಅತ್ತೆಯ ಗಟ್ಟಿ ರಕ್ತವೇ ಅವರ ಬಲಗಣ್ಣನ್ನು ನುಂಗಿ ನೀರು ಕುಡಿಯಿತು ಎಂದು ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಹೇಳಿದಾಗ ನಮ್ಮ ಮನೆಯಲ್ಲಿ ಒಬ್ಬರಿಗೂ ತಲೆಬುಡ ಅರ್ಥವಾಗಲಿಲ್ಲ. ಈಗಲೂ ಪೂರ್ತಿ ಅರ್ಥವಾಗಿದೆ ಎಂದು ನಾನು ಎದೆ ತಟ್ಟಿ ಹೇಳಲಾರೆ.

ಅತ್ತೆಯ ಕಸುಬು ಕಾಜ ಹೊಲಿಯುವುದು. ಅಂಗಿ, ಕೋಟುಗಳಲ್ಲಿ ಗುಂಡಿ ತೂರಿಸುವ ಸೀಳಿಗೆ ನಾವು ಕಾಜ ಎನ್ನುತ್ತೇವೆ. ಮೆಷಿನ್ ಬಂದಮೇಲೆ ಅಂಗಿಯ ಕಾಜ ಕೈಯಿಂದ ಹೊಲಿಯುವವರು ಯಾರೂ ಇಲ್ಲ. ಆದರೆ ಎದುರು ಸಾಲಿನಲ್ಲಿ ಕೋಟು ಹೊಲಿಯುವ ಮಾಸ್ಟರ್ ಮಾತ್ರ ತನ್ನ ಕೋಟುಗಳನ್ನೆಲ್ಲ ಮಡಚಿ ತೋಳಿನ ಮೇಲೆ ಹಾಕಿಕೊಂಡು ನಮ್ಮ ಮೆಟ್ಟಿಲು ಹತ್ತುತ್ತಿದ್ದ. ಅತ್ತೆ ಸೀಳಿನ ಅಂಚಿಗೆ ದಪ್ಪ ದಾರವೊಂದನ್ನು ಒತ್ತಿಟ್ಟು, ಅದರ ಮೇಲೆ ಗಂಟಿನ ಪಕ್ಕ ಗಂಟು ಕೂರಿಸುತ್ತ ಹೋಗುವರು. ಮುಗಿದ ಕಾಜದ ಮೇಲೆ ಉಗುರು ಎಳೆದರೆ ಎಲ್ಲಿಯೂ ತಡೆಯಬಾರದು. ತಡೆದರೆ ಬಿಚ್ಚುವುದು. ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಅವರು ಕಾಜಮ್ಮ.

ನಾನು ಸೊಸೆಯಾಗಿ ಬಂದಾಗ ನನಗೆ ಕಾಲರ್ ಹೊಲಿಯುವುದನ್ನು ಕಲಿಸಿದವರೂ ಅವರೇ. ನನ್ನ ಮೊದಲ ಕಾಲರನ್ನು ತಮ್ಮ ಕುತ್ತಿಗೆಗೆ ಹಿಡಿದು ನೋಡಿ, "ಇದನ್ನ ಹಾಕ್ಕೊಂಡವನು ಸಾಯೋ ತನಕ ಎಡಗಡೆಗೇ ನೋಡ್ಕೊಂಡು ಓಡಾಡಬೇಕು" ಎಂದಿದ್ದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಾಲರನ್ನು ಕಿತ್ತುಕೊಂಡು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ಸ್ವಲ್ಪ ಹೊತ್ತಿಗೆ ಅವರು ಚಹಾ ಲೋಟ ಹಿಡಿದು ಬಂದು, "ಬಾ, ಬಲಗಡೆಗೂ ನೋಡೋ ಹಾಗೆ ಮಾಡೋಣ" ಎಂದರು. ನಮ್ಮ ಸಂಸಾರ ಹೀಗೇ ನಡೆಯುತ್ತಿತ್ತು. ಮುಂದಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಅವರ ಮಣೆ, ಬಾಗಿಲ ಪಕ್ಕ ನನ್ನ ಮೆಷಿನ್, ನಡುವೆ ಬಟ್ಟೆಯ ಗಂಟುಗಳು. ನಮ್ಮವರು ಲಾರಿ ಓಡಿಸುತ್ತಾರೆ. ಒಮ್ಮೆ ಹೋದರೆ ವಾರಗಟ್ಟಲೆ ಬರುವುದಿಲ್ಲ, ಬಂದರೆ ಮಲಗಿದ ಕಡೆಯಿಂದ ಏಳುವುದಿಲ್ಲ. ಹಾಗಾಗಿ ಜಗಳವಾಗಲಿ ನಗುವಾಗಲಿ ಅತ್ತೆ ಸೊಸೆಯ ನಡುವೆಯೇ ಮುಗಿಯಬೇಕು.

ಬಲಗಣ್ಣಿನ ಕಥೆ ನಾನು ಬರುವ ಮೊದಲಿನದು. ಕಣ್ಣೊಳಗೆ ಒತ್ತಡ ಹೆಚ್ಚಾಗಿದೆ, ಗ್ಲಾಕೋಮಾ, ಎಂದು ಆಪರೇಷನ್ ಮಾಡಿದ್ದರಂತೆ. ಗಾಯ ಎಷ್ಟು ಬೇಗ ಮಾಯಿತೆಂದರೆ ಅತ್ತೆ ಬೀದಿಯವರನ್ನೆಲ್ಲ ಕರೆದು ರೆಪ್ಪೆ ಎತ್ತಿ ತೋರಿಸಿದ್ದರಂತೆ. ಆಮೇಲೆ ಆ ಕಣ್ಣು ಅಂಚಿನಿಂದ ಒಳಕ್ಕೆ ಮಸುಕಾಗುತ್ತ ಬಂತು. ನೋವಿರಲಿಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮತ್ತೆ ತೋರಿಸುವ ಹೊತ್ತಿಗೆ ಕೈ ಮೀರಿತ್ತು. ಈಗ ಎಡಗಣ್ಣಿನಲ್ಲೂ ಅದೇ ಶುರುವಾಗಿತ್ತು. ಯಾವ ಡ್ರಾಪ್ಸಿಗೂ ಒತ್ತಡ ಜಗ್ಗುತ್ತಿರಲಿಲ್ಲ. ಅವರಿಗೆ ಉಳಿದಿದ್ದುದು ಅದೊಂದೇ ಕಣ್ಣು.

ನಾನು ಆಗ ಬಸುರಿ. ಹೊಟ್ಟೆ ಕಾಣಿಸಿಕೊಳ್ಳಲು ಶುರುವಾಗಿತ್ತು. ಅತ್ತೆಯನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ಡಾಕ್ಟರಮ್ಮ ತಾಳ್ಮೆಯ ಹೆಂಗಸು. ಕಾಗದದ ಮೇಲೆ ದೊಡ್ಡದೊಂದು ಕಣ್ಣು ಬರೆದು ತೋರಿಸಿದರು. ಕಣ್ಣೊಳಗೆ ಯಾವಾಗಲೂ ನೀರು ಹುಟ್ಟುತ್ತಿರುತ್ತದೆ, ಹೊರಗೆ ಹರಿಯುತ್ತಿರುತ್ತದೆ. ಇವರಲ್ಲಿ ಹೊರಗೆ ಹೋಗುವ ದಾರಿ ಕಟ್ಟಿಕೊಂಡಿದೆ. ಒತ್ತಡಕ್ಕೆ ಸಿಕ್ಕಿ ಹಿಂದಿನ ನರ ಸಾಯುತ್ತಿದೆ. ಸತ್ತದ್ದು ವಾಪಸು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು. ಅದಕ್ಕೆ ಮೇಲಿನ ರೆಪ್ಪೆಯ ಅಡಿಯಲ್ಲಿ, ಕಣ್ಣಿನ ಬಿಳಿಯಲ್ಲಿ, ಸಣ್ಣದೊಂದು ದಾರಿ ಕೊರೆಯಬೇಕು.

"ಬಲಗಣ್ಣಿಗೂ ಅದನ್ನೇ ಮಾಡಿದ್ರಲ್ಲ?" ಎಂದೆ ನಾನು. ನನ್ನ ದನಿ ಸ್ವಲ್ಪ ಏರಿರಬೇಕು.

"ಮಾಡಿದ್ರು, ಚೆನ್ನಾಗೇ ಮಾಡಿದ್ರು. ಆದ್ರೆ ನಿಮ್ಮತ್ತೆಯ ಮೈ ಅದನ್ನ ಗಾಯ ಅಂದ್ಕೊಂಡು ಮಾಯಿಸಿಬಿಡ್ತು. ಕೊರೆದ ದಾರಿ ಮುಚ್ಚಿ ಹೋಯ್ತು."

ಅತ್ತೆ ಮೆಲ್ಲಗೆ ಕೇಳಿದರು, "ಗಾಯ ಮಾಯೋದು ತಪ್ಪಾ ಡಾಕ್ಟರಮ್ಮಾ?"

"ಬೇರೆ ಎಲ್ಲ ಕಡೆ ಸರಿ ಅಮ್ಮ. ಈ ಒಂದು ಜಾಗದಲ್ಲಿ ಮಾತ್ರ ಅದು ಮಾಯಬಾರದು."

ನಾನು ಜಾಣತನ ತೋರಿಸಲು ಹೋಗಿ, "ಕಾಜ ಇದ್ದ ಹಾಗೆ ಅತ್ತೆ, ತೂತು ತೂತಾಗೇ ಇರಬೇಕು" ಎಂದೆ. ಅತ್ತೆ ನನ್ನತ್ತ ಪೂರ್ತಿ ತಿರುಗಿದರು. ಒಂದೇ ಕಣ್ಣಿನವರು ತಿರುಗಿದರೆ ಇಡೀ ಮೈ ತಿರುಗುತ್ತದೆ. "ಎಲ್ಲಿಂದೆಲ್ಲಿಗೆ ಗಂಟು ಹಾಕ್ತೀಯೇ! ನಾನು ಕಾಜ ಹೊಲಿಯೋದು ತೂತು ಹರಿದು ದೊಡ್ಡದಾಗಬಾರದು ಅಂತ. ಬಟ್ಟೆ ತಾನಾಗೇ ಮುಚ್ಕೊಂಡಿದ್ದನ್ನ ನೀನು ಯಾವತ್ತಾದ್ರೂ ನೋಡಿದೀಯಾ?" ಡಾಕ್ಟರಮ್ಮ ನಮ್ಮಿಬ್ಬರ ಮುಖವನ್ನೂ ನೋಡಿದರು. ಅವರಿಗೆ ಕಾಜ ಅರ್ಥವಾಗಲಿಲ್ಲ, ನಮಗೆ ಕಣ್ಣು ಅರ್ಥವಾಗಲಿಲ್ಲ.

ಆಮೇಲೆ ಅವರು ಮುಖ್ಯ ಮಾತಿಗೆ ಬಂದರು. ಆಪರೇಷನ್ ನಡೆಯುವಾಗಲೇ, ಕೊರೆಯುವ ಜಾಗದ ಮೇಲೆ ಸ್ವಲ್ಪ ಹೊತ್ತು ರೇಡಿಯೇಷನ್ ಇಡುತ್ತಾರಂತೆ. ಉದ್ದ ಹಿಡಿಯ ತುದಿಯಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಬಿಲ್ಲೆ. ಅದನ್ನು ಕಣ್ಣಿನ ಬಿಳಿಗೆ ತಾಗಿಸಿ ಹಿಡಿದು, ಆಮೇಲೆ ತೆಗೆದುಬಿಡುತ್ತಾರೆ. ಅದರಿಂದ ಆ ಜಾಗ ಮಾಯುವ ಆತುರ ಕಳೆದುಕೊಳ್ಳುತ್ತದೆ, ದಾರಿ ತೆರೆದುಕೊಂಡಿರುವ ಸಂಭವ ಹೆಚ್ಚು. ಮುಂದೆ ಕಣ್ಣಿಗೆ ಪೊರೆ ಬರಬಹುದು, ಬಂದರೆ ಅದನ್ನು ತೆಗೆಯಬಹುದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ರೇಡಿಯೇಷನ್ ಎಂಬ ಮಾತು ಬಿದ್ದದ್ದೇ ತಡ, ಅತ್ತೆಯ ಮುಖ ಬಿಳಿಚಿಕೊಂಡಿತು. ಅವರ ಅಕ್ಕ, ನಮ್ಮವರ ದೊಡ್ಡಮ್ಮ, ಗಂಟಲಿನ ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೇಷನ್ ಮಾಡಿಸಿಕೊಂಡು ಬದುಕಿ, ಆಮೇಲೆ ಬೇರೇನೋ ಆಗಿ ತೀರಿಕೊಂಡಿದ್ದರು. ಅತ್ತೆಗೆ ಆ ಮಾತಿಗೆ ಒಂದೇ ಅರ್ಥ. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ನಿಲ್ಲಿಸಿದರು.

"ನಿಜ ಹೇಳೇ. ನಂಗೆ ಅದೇ ಕಾಯಿಲೆ ಅಲ್ವಾ? ಕಣ್ಣಿಗೆ ಬಂದಿದೆ. ನನ್ನ ಮಗನೂ ನೀನೂ ಸೇರ್ಕೊಂಡು ಮುಚ್ಚಿಡ್ತಿದೀರಿ."

"ಇಲ್ಲ ಅತ್ತೆ. ಅದಲ್ಲ ಅಂತ ಅವರೇ ಹೇಳಿದ್ರಲ್ಲ."

"ಅದಲ್ಲ ಅಂದ್ರೆ ಅದ್ಯಾಕೆ ಕೊಡ್ತಾರೆ?"

ಸಾರಿ ಸಾರಿ ಹೇಳಿದೆ. ಕೊನೆಗೆ ರೇಗಿ, "ಇಲ್ಲ ಅಂದ್ರೆ ಇಲ್ಲ! ಬೇಡ ಅಂದ್ರೆ ಬಿಡಿ, ಎರಡೂ ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ" ಎಂದುಬಿಟ್ಟೆ. ಕೆಳಗೆ ನಿಂತಿದ್ದ ಕಾವಲುಗಾರ ನನ್ನನ್ನು ರಾಕ್ಷಸಿಯನ್ನು ನೋಡುವಂತೆ ನೋಡಿದ. ಅತ್ತೆ ನನ್ನ ತೋಳು ಬಿಟ್ಟು ಮುಂದೆ ನಡೆದರು. ನಮ್ಮ ಬೀದಿಯ ತಿರುವಿನಲ್ಲಿ ನನ್ನ ಹೊಟ್ಟೆಯ ಕಡೆ ಗಲ್ಲ ಚಾಚಿ, "ಇದರ ಮುಖ ನೋಡಬೇಕು ಕಣೇ. ಮಾಡಿಸ್ಕೋತೀನಿ" ಎಂದರು.

ಆಪರೇಷನ್ ದಿನ ನಮ್ಮವರು ಊರಲ್ಲಿರಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಕಣ್ಣಿಗಷ್ಟೇ ಮರಗಟ್ಟುವ ಮದ್ದು ಕೊಟ್ಟಿದ್ದರಿಂದ ಅತ್ತೆ ಒಳಗೆ ಎಚ್ಚರವಾಗಿಯೇ ಇದ್ದರು. ಎಲ್ಲ ಚೆನ್ನಾಗಿ ಆಯಿತು ಎಂದು ಡಾಕ್ಟರಮ್ಮ ಬಂದು ಹೇಳಿದರು. ಪಟ್ಟಿ ಕಟ್ಟಿದ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಂದರು. ನಾನು ಹೋಗಿ ಭುಜ ಹಿಡಿದೆ. ಮುಟ್ಟಿದವಳು ನಾನೆಂದು ತಿಳಿದ ಕೂಡಲೇ ಅವರು ಕುರ್ಚಿಯ ಇನ್ನೊಂದು ಪಕ್ಕಕ್ಕೆ ಸರಿದುಬಿಟ್ಟರು. "ನೀನು ಬೇಡ. ಆ ಅಣ್ಣಾನೇ ಹಿಡ್ಕೊಳ್ಳಲಿ" ಎಂದರು. ಅವರು ಅಣ್ಣ ಎಂದದ್ದು ಕುರ್ಚಿ ತಳ್ಳುವ ಆಳಿಗೆ.

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

ಮನೆಗೆ ಬಂದಮೇಲೆ ಶುರುವಾದದ್ದನ್ನು ಹೇಗೆ ಹೇಳುವುದೋ ತಿಳಿಯದು. ಮುಂದಿನ ಕೋಣೆಯಲ್ಲಿ ನನ್ನ ಪಕ್ಕ ಮಲಗುತ್ತಿದ್ದವರು ಹಿಂದಿನ, ಬಟ್ಟೆಯ ಗಂಟು ತುಂಬುವ ಇಕ್ಕಟ್ಟು ಕೋಣೆಗೆ ಹಾಸಿಗೆ ಎಳೆದುಕೊಂಡರು. ಸೆಕೆಗೆ ಅಲ್ಲಿ ಇಲಿಯೂ ಮಲಗುವುದಿಲ್ಲ. ತಟ್ಟೆ, ಲೋಟ ಬೇರೆ ಮಾಡಿಕೊಂಡರು. ತಿಂದ ತಟ್ಟೆಯನ್ನು ನಾನು ತೊಳೆಯಲು ಹೋದರೆ, "ಮುಟ್ಟಬೇಡ, ಅಲ್ಲೇ ಇರಲಿ" ಎಂದು ಕೂಗುವರು. ಬಗ್ಗಬಾರದು, ಭಾರ ಎತ್ತಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರೆ ಇವರು ಬಚ್ಚಲಲ್ಲಿ ಬಗ್ಗಿ ತಮ್ಮ ತಟ್ಟೆಯನ್ನು ತಾವೇ ಉಜ್ಜುತ್ತಿದ್ದರು. ನಾನು ಕೋಣೆಗೆ ಕಾಲಿಟ್ಟರೆ ಗೋಡೆಗೆ ಒತ್ತಿಕೊಳ್ಳುವರು. ಬಾಗಿಲಲ್ಲಿ ನಿಂತರೆ ಮಾತಾಡುವರು, ಅದೂ ಹೊಸದಾಗಿ ಪರಿಚಯವಾದವರ ಹಾಗೆ, "ಊಟ ಆಯ್ತಾ? ಹುಷಾರಾಗಿರು" ಎಂದಷ್ಟೇ.

ನಾನು ಏನು ತಪ್ಪು ಮಾಡಿದೆನೆಂದು ತಲೆ ಕೆರೆದುಕೊಂಡೆ. ಮೆಟ್ಟಿಲ ಮೇಲೆ ರೇಗಿದ್ದಕ್ಕಾ? ಅದಕ್ಕಿಂತ ದೊಡ್ಡ ಮಾತುಗಳನ್ನು ಆಡಿಕೊಂಡು ಒಂದೇ ಚಹಾದಲ್ಲಿ ಮರೆತವರು ನಾವು. ರೇಡಿಯೇಷನ್ನಿಂದ ಬುದ್ಧಿಗೆ ಏನಾದರೂ ಆಯಿತಾ? ನಮ್ಮವರಿಗೆ ಫೋನು ಮಾಡಿದೆ. "ಅಮ್ಮ ಹಾಗೇ, ನಾಲ್ಕು ದಿನ ಬಿಟ್ರೆ ಸರಿಹೋಗ್ತಾಳೆ" ಎಂದರು. ಈ ಗಂಡಸರಿಗೆ ಲಾರಿ ಕೆಟ್ಟರೂ ಅದೇ ಮಾತು, ಹೆಂಡತಿ ಮುನಿದರೂ ಅದೇ ಮಾತು. ಕೊನೆಗೆ ನನಗೇ ಅನುಮಾನ ಬಂತು. ಬಸುರಿಯಾದಮೇಲೆ ನಾನು ಯಾವುದನ್ನೂ ಇದ್ದ ಹಾಗೆ ನೋಡುತ್ತಿಲ್ಲವೇನೋ ಎಂದುಕೊಂಡು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ.

ಇವೆಲ್ಲ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಡ್ರಾಪ್ಸ್ ಇತ್ತು. ಹಗಲೆಲ್ಲ ಎರಡೆರಡು ಗಂಟೆಗೊಮ್ಮೆ ಕಣ್ಣಿಗೆ ಮದ್ದು ಬೀಳಲೇಬೇಕು, ತಪ್ಪಿದರೆ ಒಳಗೆ ಕೆರಳಿ ದಾರಿ ಮತ್ತೆ ಮುಚ್ಚಿಕೊಳ್ಳುತ್ತದೆ, ರೇಡಿಯೇಷನ್ ಇಟ್ಟದ್ದೂ ದಂಡವಾಗುತ್ತದೆ ಎಂದು ಆಸ್ಪತ್ರೆಯಲ್ಲಿ ನನ್ನ ಕೈಗೇ ಸೀಸೆ ಕೊಟ್ಟು ಹೇಳಿದ್ದರು. ಅತ್ತೆ ಆ ಸೀಸೆಯನ್ನೂ ಇಸಿದುಕೊಂಡಿದ್ದರು.

"ನಾನೇ ಹಾಕ್ಕೋತೀನಿ. ಇಷ್ಟು ವರ್ಷ ಸೂಜಿ ಪೋಣಿಸಿದೋಳಿಗೆ ಇದೇನು ದೊಡ್ಡದಾ?"

"ಒಂದೇ ಕಣ್ಣಲ್ಲಿ ಆ ಕಣ್ಣಿಗೇ ಹೇಗೆ ಹಾಕ್ಕೋತೀರಿ? ಕೊಡಿ ಇಲ್ಲಿ."

"ಬಾಗಿಲ ಹತ್ರಾನೇ ಇರು ಅಂದೆ!"

ಅವರು ನನ್ನ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ನಾನೂ ಬಿಡಲಿಲ್ಲ. "ಹಾಕ್ಕೊಳ್ಳಿ, ನಿಮ್ಮ ಕಣ್ಣು, ನಿಮ್ಮ ಇಷ್ಟ" ಎಂದು ಬಂದು ಮೆಷಿನ್ ತುಳಿದೆ. ಆ ದಿನ ಹೊಲಿದ ಕಾಲರುಗಳನ್ನೆಲ್ಲ ಮಾರನೆಯ ದಿನ ಬಿಚ್ಚಬೇಕಾಯಿತು. ಅತ್ತೆಯ ದಿಂಬಿನ ಬಟ್ಟೆ ಒಣಗಲು ಹಾಕಿದ್ದನ್ನು ಕಂಡೆ, ಕೆನ್ನೆ ಇಡುವ ಕಡೆ ಮದ್ದಿನ ಬಿಳಿ ಕಲೆಗಳು ಒಂದರ ಮೇಲೊಂದು ಕಟ್ಟಿದ್ದವು. ಅರ್ಧ ಮದ್ದು ಕಣ್ಣಿಗಲ್ಲ, ಕಿವಿಗೆ ಹೋಗುತ್ತಿತ್ತು. ಬಾಗಿಲಲ್ಲಿ ನಿಂತು ಜೋರಾಗಿ ಹೇಳಿದೆ, ಬೇಡಿಕೊಂಡೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ಯಂತ್ರದ ಹಿಂದೆ ಬಹಳ ಹೊತ್ತು ಕೂತರು. ಅವರ ಹುಬ್ಬು ಗಂಟಿಕ್ಕಿದ್ದನ್ನು ನಾನು ಕಂಡೆ.

"ಕಣ್ಣು ಕೆಂಪಾಗಿದೆ. ಒತ್ತಡ ಮತ್ತೆ ಏರ್ತಿದೆ. ಡ್ರಾಪ್ಸ್ ಯಾರು ಹಾಕ್ತಾರೆ?"

ನಾನು ಬಾಯಿಬಿಟ್ಟೆ. "ಅವರೇ ಹಾಕ್ಕೋತಾರೆ ಡಾಕ್ಟ್ರೇ. ನನ್ನ ಕೈ ತಾಗಿದ್ರೆ ಅವರಿಗೆ ಆಗಲ್ವಂತೆ."

"ಅಮ್ಮ, ಇನ್ನೂ ಕಾಲ ಮಿಂಚಿಲ್ಲ" ಎಂದರು ಡಾಕ್ಟರಮ್ಮ. "ದಾರಿ ಇನ್ನೂ ತೆರೆದೇ ಇದೆ. ಆದ್ರೆ ಹೀಗೇ ಬಿಟ್ರೆ ಇದೂ ಆ ಕಣ್ಣಿನ ಹಾಗೇ ಆಗುತ್ತೆ. ರೇಡಿಯೇಷನ್ ಅರ್ಧ ಕೆಲಸ ಮಾಡುತ್ತೆ, ಇನ್ನರ್ಧ ಈ ಮದ್ದು. ಇವತ್ತಿಂದ ಬೇರೆಯವರೇ ಹಾಕಬೇಕು, ಒಂದು ಹನೀನೂ ತಪ್ಪಬಾರದು." ಹೇಗೆ ಹಾಕಬೇಕೆಂದು ನನಗೆ ತೋರಿಸಿಕೊಡಲು ಪಕ್ಕದ ಕೋಣೆಗೆ ಕಳಿಸಿದರು.

ಅಲ್ಲಿದ್ದ ಸಿಸ್ಟರ್ ತುಂಬು ಬಸುರಿ. ಸೀಸೆ ಹಿಡಿದು, "ತಲೆ ಹಿಂದಕ್ಕೆ ಮಾಡಿಮ್ಮಾ" ಎನ್ನುತ್ತ ಹತ್ತಿರ ಬಂದರು. ಅತ್ತೆ ಆ ದನಿ ಕೇಳಿ, ಇದ್ದ ಕಣ್ಣು ಕಿರಿದು ಮಾಡಿ ನೋಡಿ, ಕುರ್ಚಿಯಿಂದ ಎದ್ದೇಬಿಟ್ಟರು.

"ನೀನು ದೂರ ಇರಮ್ಮಾ! ಆವತ್ತು ಹೊರಗೆ ಹೋದೋಳು ನೀನೇ ಅಲ್ವಾ? ಈಗ ಹತ್ರ ಬರ್ತೀಯಲ್ಲ, ಹೊಟ್ಟೇಲಿರೋದು ಏನಾಗಬೇಕು?"

ಸಿಸ್ಟರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅತ್ತೆಯನ್ನು ಕೂರಿಸಿ, ನೀರು ಕುಡಿಸಿ, ಎಳೆ ಎಳೆಯಾಗಿ ಬಿಡಿಸಿದಾಗ ಹೊರಬಂದದ್ದು ಇಷ್ಟು. ಆಪರೇಷನ್ ಮೇಜಿನ ಮೇಲೆ ಮಲಗಿದ್ದಾಗ, ಬಿಲ್ಲೆಯನ್ನು ಡಬ್ಬಿಯಿಂದ ತೆಗೆಯುವ ಮೊದಲು ಯಾರೋ, "ನೀನು ಬಸುರಿ, ಹೊರಗಿರು" ಎಂದರು. ಈ ಸಿಸ್ಟರ್ "ಹೂಂ, ಹೋಗ್ತೀನಿ" ಎಂದು ಹೊರಗೆ ಹೋದರು. ಬಾಗಿಲು ಮುಚ್ಚಿದ ಸದ್ದು ಅತ್ತೆಯ ಕಿವಿಗೆ ಬಿತ್ತು. ಅತ್ತೆಗೆ ಅಕ್ಕನ ನೆನಪಾಯಿತು. ಗಂಟಲಿಗೆಂದು ರೇಡಿಯೇಷನ್ ಮದ್ದು ನುಂಗಿಸಿದಮೇಲೆ, ಮಕ್ಕಳ ಹತ್ತಿರ, ಬಸುರಿಯರ ಹತ್ತಿರ ಹೋಗಬೇಡಿ, ತಟ್ಟೆ ಲೋಟ ಬೇರೆ ಇಟ್ಟುಕೊಳ್ಳಿ, ಒಬ್ಬರೇ ಮಲಗಿ ಎಂದು ಡಾಕ್ಟರುಗಳೇ ಅವರಿಗೆ ಹೇಳಿ ಕಳಿಸಿದ್ದರು. ಬಾಗಿಲ ಹೊರಗೆ ಊಟ ಇಟ್ಟು ಬರುತ್ತಿದ್ದವರು ಇದೇ ಅತ್ತೆ.

"ಕಣ್ಣು ಬೇಕು ಅಂತ ಆಸೆ ಬಿದ್ದು ಈ ವಿಷಾನ ಮೈಯೊಳಗೆ ಹಾಕಿಸ್ಕೊಂಡು ಮನೆಗೆ ಬಂದೆ" ಎಂದರು ಅತ್ತೆ, ನೆಲ ನೋಡುತ್ತ. "ಇವಳಿಗೆ ಹೇಳಿದ್ರೆ ಹೆದರ್ಕೋತಾಳೆ. ಬಸುರಿ ಹೆಂಗಸನ್ನ ಹೆದರಿಸಬಾರದು. ಅದಕ್ಕೇ ದೂರ ಇಟ್ಟೆ. ಕಣ್ಣು ಮುಚ್ಚಿದ್ರೆ ಮುಚ್ಚಲಿ, ಒಂದು ಹೋದಾಗ ಬದುಕಲಿಲ್ವಾ ಅಂದ್ಕೊಂಡೆ."

ಬೈಯಬೇಕೋ ಕಾಲು ಹಿಡಿಯಬೇಕೋ ತಿಳಿಯಲಿಲ್ಲ. ಇಷ್ಟು ದಿನ ನನ್ನ ಮೇಲಿನ ಮುನಿಸೆಂದು ನಾನು ಲೆಕ್ಕ ಹಾಕಿದ್ದು ಇದನ್ನಾ? ನನಗೆ ಅಳು ಬಂತು, ಅದರ ಜೊತೆಗೆ ಕೆಂಡದಂಥ ಕೋಪವೂ ಬಂತು. "ಒಂದು ಮಾತು ಕೇಳಬಾರದಿತ್ತಾ ಅತ್ತೆ? ಒಂದೇ ಒಂದು ಮಾತು!" ಎಂದು ಅಲ್ಲೇ ಕಿರುಚಿದೆ. ಹೊರಗೆ ಕೂತವರೆಲ್ಲ ಇಣುಕಿದರು.

ಸಿಸ್ಟರ್ ಕುರ್ಚಿ ಎಳೆದುಕೊಂಡು ಅತ್ತೆಯ ಎದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. "ನೋಡಿಮ್ಮಾ, ನಿಮ್ಮಕ್ಕ ಮದ್ದನ್ನ ನುಂಗಿದ್ರು. ಅದು ಅವರ ಮೈಯೊಳಗಿತ್ತು, ಅದಕ್ಕೇ ದೂರ ಇರಿ ಅಂದ್ರು. ನಿಮಗೆ ನುಂಗಿಸಿಲ್ಲ, ಚುಚ್ಚಿಲ್ಲ. ಬಿಲ್ಲೆ ತಾಗಿಸಿ ತೆಗೆದ್ರು, ಡಬ್ಬಿಗೆ ಹಾಕಿ ಮುಚ್ಚಿದ್ರು. ಅದು ಡಬ್ಬಿಯಿಂದ ಹೊರಗಿದ್ದಷ್ಟು ಹೊತ್ತು ನಾನು ಹೊರಗಿದ್ದೆ. ಮುಚ್ಚಿದ್ಮೇಲೆ ವಾಪಸು ಬಂದು ನಿಮಗೆ ಪಟ್ಟಿ ಕಟ್ಟಿದೋಳೂ ನಾನೇ. ನಿಮ್ಮೊಳಗೆ ಏನೂ ಉಳಿದಿಲ್ಲ."

"ನೀನೇ ಕಟ್ಟಿದ್ದಾ?"

"ನಾನೇ."

"ಮತ್ತೆ ಏನೂ ಉಳಿದಿಲ್ಲ ಅಂದ್ರೆ, ಇಷ್ಟು ದಿನ ಆದ್ಮೇಲೂ ಗಾಯ ಮಾಯದ ಹಾಗೆ ತಡೀತಿರೋದು ಯಾವುದು?"

ಮಾಯಿಸುವ ಜೀವಕಣಗಳು ಬೆಳೆಯದ ಹಾಗೆ ಆಗಲೇ ಪೆಟ್ಟು ಕೊಟ್ಟಾಗಿದೆ, ಪೆಟ್ಟು ಕೊಟ್ಟ ಕೈ ಆಮೇಲೆ ಅಲ್ಲಿರಬೇಕಿಲ್ಲ ಎಂದು ಸಿಸ್ಟರ್ ಏನೇನೋ ಬಿಡಿಸಿ ಹೇಳಿದರು. ಅತ್ತೆ ತಲೆಯಾಡಿಸಿದರು. ಅವರು ಹಾಗೆ ತಲೆಯಾಡಿಸುವುದು ನನಗೆ ಗೊತ್ತು. ಕೋಟಿನ ಮಾಸ್ಟರ್ ಹೊಸ ಫ್ಯಾಷನ್ನಿನ ಬಗ್ಗೆ ಭಾಷಣ ಬಿಗಿಯುವಾಗಲೂ ಹೀಗೇ ಆಡಿಸುತ್ತಾರೆ.

ಮನೆಗೆ ಬಂದೆವು. ಮಧ್ಯಾಹ್ನದ ಮದ್ದಿನ ಹೊತ್ತಾಯಿತು. ಅತ್ತೆ ಹಿಂದಿನ ಕೋಣೆಯಲ್ಲಿ ಅಂಗಾತ ಮಲಗಿದ್ದರು. ನಾನು ಸೀಸೆ ಹಿಡಿದು ಬಾಗಿಲವರೆಗೆ ಬಂದೆ.

ಬಂದವಳು ಅಲ್ಲೇ ನಿಂತೆ.

ಇದನ್ನು ಹೇಳಲು ನಾಚಿಕೆಯೇನಿಲ್ಲ, ಯಾರಾದರೂ ನಿಲ್ಲುತ್ತಿದ್ದರು. ಆ ಸಿಸ್ಟರ್ ಹೇಳಿದ್ದು ನಿಜವೇ? ಏನೂ ಇಲ್ಲದಿದ್ದರೆ ಅವರನ್ನು ಹೊರಗೆ ಕಳಿಸಿದ್ದು ಯಾಕೆ? ದೊಡ್ಡಮ್ಮನಿಗೆ ಹೇಳಿದ ಡಾಕ್ಟರು ಸರಿಯೋ, ಇವರು ಸರಿಯೋ? ಆಸ್ಪತ್ರೆಯಲ್ಲಿ ಎಲ್ಲ ನೀರಿನಷ್ಟು ತಿಳಿಯಾಗಿ ಕಂಡದ್ದು ಆ ಇಕ್ಕಟ್ಟು ಬಾಗಿಲಲ್ಲಿ ಕದಡಿಹೋಯಿತು. ನನ್ನ ಎಡಗೈ ನನಗೆ ಗೊತ್ತಿಲ್ಲದೆಯೇ ಹೊಟ್ಟೆಯ ಮೇಲೆ ಹೋಗಿತ್ತು. ಒಳಗೆ ಒಂದು ಕಣ್ಣು, ಇಲ್ಲಿ ಒಂದು ಜೀವ. ಇಷ್ಟು ದಿನ ಅತ್ತೆ ಒಬ್ಬರೇ ಈ ಬಾಗಿಲಲ್ಲಿ ನಿಂತಿದ್ದರು ಎಂದು ನನಗೆ ಆಗ ತಿಳಿಯಿತು.

ಅತ್ತೆ ನೋಡುತ್ತಿದ್ದರು. ಕೆಂಪಾದ ಆ ಒಂದು ಕಣ್ಣಿಗೆ ಬಾಗಿಲಲ್ಲಿ ನಿಂತವಳ ಮುಖ ಎಷ್ಟು ಕಂಡಿತೋ, ಕೈ ಎಲ್ಲಿದೆ ಎಂಬುದಂತೂ ಕಂಡಿತು.

"ಭಯ ಆದ್ರೆ ಬೇಡ ಕಣೇ" ಎಂದರು. ದನಿಯಲ್ಲಿ ಒಂದಿಷ್ಟೂ ಮುನಿಸಿರಲಿಲ್ಲ. "ಸೀಸೆ ಅಲ್ಲಿಟ್ಟು ಹೋಗು. ನಾನು ನೋಡ್ಕೋತೀನಿ."

ಆ ಮಾತು ಕೇಳಿದಮೇಲೆ ನಿಲ್ಲಲು ಆಗಲಿಲ್ಲ. ಒಳಗೆ ಹೋಗಿ ಅವರ ತಲೆಯ ಪಕ್ಕ ಗೋಡೆಗೊರಗಿ ಕೂತೆ. "ಕಣ್ಣು ಬಿಡಿ" ಎಂದೆ, ಗದರಿಸಿಯೇ. ಅವರ ತಲೆಯನ್ನೆತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ತಲೆ ನನ್ನ ಹೊಟ್ಟೆಗೆ ತಾಗುವಂತಿತ್ತು. ಅತ್ತೆ ಕೈಯೆತ್ತಿ, ತಮ್ಮ ತಲೆಗೂ ನನ್ನ ಹೊಟ್ಟೆಗೂ ನಡುವೆ ಅಂಗೈಯನ್ನು ಅಡ್ಡ ಹಿಡಿದರು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಕೈ. ತಮ್ಮಿಂದಲೇ ಮಗುವನ್ನು ಮರೆ ಮಾಡಿಕೊಂಡು ಅವರು ಕಣ್ಣು ಬಿಟ್ಟರು. ಹನಿ ನೆಟ್ಟಗೆ ಕಣ್ಣಿಗೇ ಬಿತ್ತು.

ಹಾಗೇ ದಿನಗಳು ಕಳೆದವು, ಒಂದು ಹನಿಯೂ ತಪ್ಪಲಿಲ್ಲ. ಕಣ್ಣಿನ ಕೆಂಪು ಇಳಿಯಿತು. ಮತ್ತೆ ತೋರಿಸಿದಾಗ ಒತ್ತಡ ಇಳಿದಿತ್ತು. ದಾರಿ ತೆರೆದಿದೆ, ನೀರು ಹರಿಯುತ್ತಿದೆ, ಹೀಗೇ ಉಳಿದರೆ ಈ ಕಣ್ಣಿಗೆ ಭಯವಿಲ್ಲ ಎಂದರು ಡಾಕ್ಟರಮ್ಮ. ಅತ್ತೆಯ ಮೈಯಲ್ಲಿ ಏನೂ ಇಲ್ಲ, ಇರಲೂ ಇಲ್ಲ, ಸೊಸೆಯನ್ನು ತಬ್ಬಿಕೊಂಡು ಮಲಗಿದರೂ ಸೈ ಎಂದು ಅವರ ಬಾಯಲ್ಲೇ ಇನ್ನೊಮ್ಮೆ ಹೇಳಿಸಿದೆ. ಅತ್ತೆ, "ಗೊತ್ತು ಡಾಕ್ಟರಮ್ಮಾ, ಎಲ್ಲ ಗೊತ್ತಾಯ್ತು" ಎಂದು ಧಾರಾಳವಾಗಿ ನಕ್ಕರು. ಅವತ್ತೇ ಹಾಸಿಗೆಯನ್ನು ಮುಂದಿನ ಕೋಣೆಗೆ ತಂದರು.

ಸಂಜೆ ಮದ್ದು ಹಾಕಲು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೈ ಮತ್ತೆ ಮೇಲೆದ್ದು ಅಡ್ಡ ಬಂತು. ನನಗೆ ರೇಗಿತು.

"ಅತ್ತೆ! ಇವತ್ತು ಅಷ್ಟು ಹೇಳಿದ್ರಲ್ಲ, ನಿಮಗೆ ಇನ್ನೂ ನಂಬಿಕೆ ಇಲ್ವಾ?"

"ನಂಬಿಕೆ ಇದೆ ಕಣೇ, ಯಾಕಿಲ್ಲ" ಎಂದರು ಅತ್ತೆ, ಕಣ್ಣನ್ನು ಅಗಲಕ್ಕೆ ತೆರೆದುಕೊಂಡು. "ಕೈ ಕೇಳಬೇಕಲ್ಲ. ನೀನು ಹಾಕು."